ಭೀಮಾ ತಡಿಯ ಕುದುರೆ

ನಾನು ಮದುವೆಯಾಗಿ ಬಂದದ್ದು ಅಜ್ಜಂಪುರದ ಕಡೆಯ ಎರೆಸೀಮೆಯ ಊರಿಗೆ. ಎಪ್ಪತ್ತರ ದಶಕ. ಕಡಲೆ ಕಿತ್ತು ಜೋಳ ಕೊಯ್ದ ಮೇಲೆ ಬಡಗಣ ಸೀಮೆಯ ಕುರಿಗಾರರು ಬಂದು ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು. ಅವರ ಸಂಸಾರವೆಲ್ಲ ಕುದುರೆಗಳ ಮೇಲೆ: ಕಂಬಳಿ, ಪಾತ್ರೆ, ಕೋಳಿ, ಆಗತಾನೇ ಹುಟ್ಟಿದ ಕುರಿಮರಿ, ಎಲ್ಲದರ ಮೇಲೆ ನಿದ್ದೆ ಹೋದ ಒಂದು ಕೂಸು.

ಕುದುರೆ ಎಂದರೆ ನಾನು ಕ್ಯಾಲೆಂಡರಿನಲ್ಲಿ ಕಂಡ ಎತ್ತರದ ಪ್ರಾಣಿಯಲ್ಲ. ಬೆನ್ನು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಗಿಡ್ಡ ಕುತ್ತಿಗೆ, ದಪ್ಪ ಮೂಳೆಯ ಕಾಲು, ಕಣ್ಣ ಮೇಲೆ ಬಿದ್ದ ಒರಟು ಜೂಲು.

"ಇದೇನ್ ಕುದ್ರೆನೋ ಕತ್ತೆನೋ?" ಎಂದರು ನಮ್ಮತ್ತೆ.

ಕುರಿಗಾರರ ಹೆಂಗಸೊಬ್ಬಳು ನಕ್ಕಳು. "ಕುದರೀನ ಐತಿ ಯವ್ವಾ. ಭೀಮಾ ಹೊಳಿ ದಂಡೀದು. ನಮ್ಮಜ್ಜನ ಕಾಲದಿಂದ ಇವಽ ಅದಾವ."

"ಇರ್ಲಿ, ಅಂಗಳಕ್ಕೆ ಬರಬಾರ್ದು ನೋಡು," ಎಂದು ಅತ್ತೆ ಒಳಗೆ ಹೋದರು.

ಎರಡನೆಯ ವರ್ಷ ಅವರು ಬಂದಾಗ ಅಕಾಲದ ಮಳೆ ಹಿಡಿಯಿತು. ನಮ್ಮ ಯಜಮಾನರು ಕಡೂರಿಗೆ ಹೋಗಿದ್ದರು. ಬೆಳಿಗ್ಗೆ ಅತ್ತೆ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದರು. ಪಾದ ಸೊಟ್ಟಗೆ ತಿರುಗಿ, ಹರಡು ನೋಡನೋಡುತ್ತಲೇ ಊದಿಕೊಂಡಿತು. ಪಕ್ಕದ ಮನೆಯವರು ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಊರು ದಾಟುವಷ್ಟರಲ್ಲಿ ಕರಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಎತ್ತುಗಳು ಮಂಡಿಯೂರಿದವು.

ಹೊಲದಿಂದ ನೋಡುತ್ತಿದ್ದ ಆ ಕುರಿಗಾರರ ಹೆಂಗಸು ಕೆಂಪು ಹೆಣ್ಣು ಕುದುರೆಯೊಂದನ್ನು ಹಿಡಿದುಕೊಂಡು ಬಂದಳು. ಅದರ ಹಿಂದೆ ಅದರ ಮರಿ. ಬೆನ್ನ ಮೇಲೆ ಕಂಬಳಿ ಮಡಿಸಿ ಹಾಕಿ, "ಏಳ್ರಿ ಯವ್ವಾ," ಎಂದಳು.

"ಕುದ್ರೆ ಮೇಲೆ ಕೂತ್ಕೊಂಡ್ ಹೋದ್ರೆ ಜನ ಏನಂತಾರೆ ಕಣೇ!" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.

"ಜನ ಬಂದು ಹೊತ್ಕೊಂಡ್ ಹೋಗಲ್ಲ ಅತ್ತೆ," ಎಂದೆ. ಅವರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು.

ಎರಡೂ ಕಾಲು ಒಂದೇ ಕಡೆಗೆ ಇಳಿಬಿಟ್ಟು ಕೂರಿಸಿದೆವು. ನಾನೊಂದು ಪಕ್ಕ ಹಿಡಿದುಕೊಂಡೆ, ಅವಳು ಮುಂದೆ ನಡೆದಳು. ಕುದುರೆ ಗಾಡಿಜಾಡು ಬಿಟ್ಟು ಹುಲ್ಲಿದ್ದ ಬದುವನ್ನೇ ಹುಡುಕಿಕೊಂಡು ಹೋಯಿತು. ಗೊರಸನ್ನು ಮೆಲ್ಲಗಿಟ್ಟು ನೆಲ ನೋಡಿ ಆಮೇಲೆ ಭಾರ ಹಾಕುತ್ತಿತ್ತು. ಲಾಳ ಹೊಡೆಸಿರಲಿಲ್ಲ. ನಾನು ಎರಡು ಸಲ ಬಿದ್ದೆ, ಅದು ಒಮ್ಮೆಯೂ ಮುಗ್ಗರಿಸಲಿಲ್ಲ. ಅತ್ತೆ ಮೊದಮೊದಲು ಶಿವಶಿವಾ ಅನ್ನುತ್ತಿದ್ದರು. ಹಳ್ಳ ದಾಟಿದ ಮೇಲೆ ಅವರ ಕೈ ಅದರ ಜೂಲಿನೊಳಗೆ ಹೋಗಿತ್ತು.

ಅಜ್ಜಂಪುರದ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕುತ್ತಿದ್ದಾಗ ಹೊರಗೆ ಒಬ್ಬ ಸಾಬರು ಕುದುರೆಯ ಮುಂದೆ ನಿಂತಿದ್ದರು. ಪ್ರಾಯದಲ್ಲಿ ತರೀಕೆರೆಯಲ್ಲಿ ಜಟಕಾ ಹೊಡೆದವರಂತೆ. ಅದರ ಮೊಣಕಾಲಿನಿಂದ ಗೊರಸಿನವರೆಗೆ ಕೈಯಾಡಿಸಿ, "ಇದು ದಖನಿ ಕುದ್ರೆ ಕಣಮ್ಮಾ," ಎಂದರು. "ಹಿಂದೆ ಅರಬರ ಕುದ್ರೆ, ತುರುಕರ ಕುದ್ರೆ ದಂಡಿಗೆ ಅಂತ ಬರ್ತಿದ್ವು. ಭೀಮಾ ಹೊಳೆ ಕಡೆಯ ಗಿಡ್ಡ ತಟ್ಟುಗಳ ಜೊತೆ ಕೂಡಿ ಈ ಜಾತಿ ಆಯ್ತು ಅಂತಿದ್ರು ನಮ್ಮ ಹಿರೀಕರು. ಮರಾಠರ ಸವಾರರು ಇದರ ಮೇಲೇ ಬೆಟ್ಟ ಹತ್ತೋರಂತೆ. ದಂಡು ಹೋಯ್ತು. ಇದು ಕುರಿ ಹಿಂದೆ ಉಳ್ಕೊಂತು."

ಕುರಿಗಾರರ ಹೆಂಗಸು, "ಹುಲ್ಲು ಸಿಕ್ಕಷ್ಟು ತಿಂತೈತಿ, ನಡಿ ಅಂದಷ್ಟು ನಡೀತೈತಿ. ನಮಗ ಅಷ್ಟಽ ಗೊತ್ತು," ಎಂದಳು.

ಮುಂದಿನ ದಿನಗಳಲ್ಲಿ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಕುದುರೆ ಮರಿಯೊಂದಿಗೆ ಅಂಗಳಕ್ಕೇ ಬಂದು ನಿಲ್ಲುತ್ತಿತ್ತು. ಅತ್ತೆ ಹುರುಳಿ ಬೇಯಿಸಲು ನನಗೆ ಹೇಳಿ, ತಾವೇ ಬೊಗಸೆಯಲ್ಲಿ ತಿನ್ನಿಸುವರು. ಮಂದೆ ಹೊರಡುವ ಹಿಂದಿನ ದಿನ ಕೇಳಿಯೇಬಿಟ್ಟರು: "ಮರೀನ ನಮ್ಗೆ ಕೊಟ್ ಹೋಗಮ್ಮ. ಮಗೂ ತರ ಸಾಕ್ತೀನಿ."

"ಬ್ಯಾಡ ಯವ್ವಾ. ಇದು ಒಂದಽ ಇರಂಗಿಲ್ಲ. ಗೂಟಕ್ಕ ಕಟ್ಟಿದ್ರ ಸೊರಗತೈತಿ. ನಡಕೋತ ಬೆಳೀಬೇಕು."

ಅತ್ತೆಗೆ ಬೇಸರವಾಯಿತು. ಆದರೂ ಮರುದಿನ ಬೆಳಿಗ್ಗೆ ಎದ್ದು ದೊಣ್ಣೆಯೂರಿಕೊಂಡು ಅವರನ್ನು ಕಳಿಸಿಕೊಡಲು ಬೇಲಿಯವರೆಗೆ ಹೋದರು.

ಎಂಬತ್ತರ ದಶಕದಲ್ಲಿ ಎಲ್ಲ ಕಡೆ ಬೋರ್‌ವೆಲ್ ಬಂದವು, ಖಾಲಿ ಬಿಡುವ ಹೊಲ ಕಡಿಮೆಯಾಯಿತು. ಕುರಿಗಾರರ ಕುದುರೆಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಒಳ್ಳೆಯ ಗಂಡು ಕುದುರೆ ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ಕೂಡಿಸುತ್ತಾರೆ, ಆ ಮೂಳೆ ಈಗಿನವಕ್ಕಿಲ್ಲ ಎಂದು ಆ ಹೆಂಗಸು ಹೇಳುತ್ತಿದ್ದಳು. ಕೆಂಪು ಕುದುರೆ ಹರಿಹರದ ಹತ್ತಿರ ದಾರಿಯಲ್ಲೇ ಸತ್ತಿತ್ತು. ಕೊನೆಯ ಸಲ ಅವರು ಬಂದಾಗ ಸಾಮಾನು ಲಾರಿಯಿಂದ ಇಳಿಯಿತು.

ಅತ್ತೆ ಲಾರಿಯ ಹಿಂದೆ, ರಸ್ತೆಯುದ್ದಕ್ಕೆ ನೋಡಿದರು. "ಆ ಮರಿ? ಮಾರಿಬಿಟ್ರಾ?"

"ಇಲ್ಲ ಯವ್ವಾ. ನನ್ನ ಮಗಳ ಕುರಿಮಂದಿಗೆ ಕೊಟ್ಟೀನಿ. ಆಕಿ ಇನ್ನೂ ನಡಕೋತ ಹೋಗತಾಳ."

"ಸದ್ಯ," ಎಂದರು ಅತ್ತೆ. ಅವಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ ಬಡಿಸಿದರು. ಅದು ಈಗ ಎಷ್ಟೆತ್ತರ ಬೆಳೆದಿದೆ, ಎಷ್ಟು ಮರಿ ಹಾಕಿದೆ, ತಾಯಿಯ ಹಾಗೇ ಕೆಂಪಗಿದೆಯೇ ಎಂದು ಊಟ ಮುಗಿಯುವವರೆಗೂ ಕೇಳುತ್ತಲೇ ಇದ್ದರು.