ಒರೆಸೋ ಮೇಡಂ ಹಿಂದಕ್ಕೆ ಪಡೆದ ಪ್ರಬಂಧ

ಪ್ರಯೋಗಾಲಯದಲ್ಲಿ ಅವರಿಗೆ ಒರೆಸೋ ಮೇಡಂ ಅಂತಲೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೂ ಅವರಿಗೆ ಗೊತ್ತಿತ್ತು. ಕೆಲಸಕ್ಕೆ ಕೂರುವ ಮೊದಲು ಸ್ಪಿರಿಟ್ಟಿನ ಬಟ್ಟೆಯಿಂದ ಮೇಜು ಒರೆಸುವುದು, ಬಾಟಲಿಯ ಕತ್ತು ಒರೆಸುವುದು, ಕೈಗವಸು ಒರೆಸುವುದು. ಎದ್ದ ಮೇಲೆ ಮತ್ತೆ ಅದೇ. "ಮೇಡಂ ಪಕ್ಕ ಸುಮ್ಮನೆ ನಿಂತ್ಕೋಬೇಡ, ನಿನ್ನನ್ನೂ ಒರೆಸಿಬಿಡ್ತಾರೆ" ಎಂದು ವಿದ್ಯಾರ್ಥಿಗಳು ಹೊಸಬರನ್ನು ಹೆದರಿಸುತ್ತಿದ್ದರು.

ಅವರದು ಮಾಲಿಕ್ಯುಲರ್ ಬಯಾಲಜಿ. ಜೀವಕೋಶದೊಳಗೆ ಯಾವ ಜೀನ್ ಯಾವಾಗ ಎದ್ದು ಕೆಲಸ ಮಾಡುತ್ತದೆ, ಯಾವಾಗ ಮಲಗುತ್ತದೆ ಎಂದು ಕಾದು ನೋಡುವ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ಮಾಡುವುದೇನೆಂದು ಅತ್ತೆಗೆ ಅರ್ಥವಾಗಿರಲಿಲ್ಲ. ಆದರೆ ಅದಕ್ಕೊಂದು ಲೆಕ್ಕ ಇದೆ ಎಂಬುದು ಮಾತ್ರ ಚೆನ್ನಾಗಿ ತಲೆಗೆ ಹೋಗಿತ್ತು. ಒಬ್ಬರು ಬರೆದ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ, ಇಂಥವರು ಹೀಗೆ ಕಂಡಿದ್ದಾರೆ ಎಂದು ಹೆಸರಿಸಿದರೆ ಅದು ಒಂದು ಉಲ್ಲೇಖ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಹೆಸರಿಸಿದರೂ ಕಂಪ್ಯೂಟರು ಎಣಿಸಿಡುತ್ತದೆ.

"ನಮ್ಮ ಸೊಸೆ ಬರೆದಿದ್ದನ್ನ ಸಾವಿರ ಜನ ಒಪ್ಪಿದ್ದಾರಂತೆ. ನಾನೊಬ್ಬಳೇ ಬಾಕಿ" ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ಸಾವಿರ ಅಂದದ್ದು ಸುಳ್ಳಲ್ಲ. ಆದರೆ ಅದರಲ್ಲಿ ಹೆಚ್ಚುಪಾಲು ಒಂದೇ ಪ್ರಬಂಧದ ಸಂಪಾದನೆ. ಸಕ್ಕರೆ ಅಂಶ ಕಡಿಮೆಯಾದಾಗ ಯಕೃತ್ತಿನ ಜೀವಕೋಶದಲ್ಲಿ ಒಂದು ಜೀನ್ ಮಲಗಿಬಿಡುತ್ತದೆ ಎಂದು ಮೇಡಂ ಚಿಕ್ಕ ವಯಸ್ಸಿನಲ್ಲಿ ತೋರಿಸಿದ್ದರು. ಆಮೇಲೆ ಬರೆದವೆಲ್ಲ ಇದ್ದೂ ಇಲ್ಲದ ಹಾಗೆ. ತುಂಬಿದ ಮನೆಯಲ್ಲಿ ಹಿರಿಮಗನೊಬ್ಬನೇ ದುಡಿದು ಉಳಿದವರನ್ನೆಲ್ಲ ಸಾಕಿದ ಹಾಗೆ, ಆ ಪ್ರಬಂಧ ಅವರ ಹೆಸರನ್ನು ಸಾಕಿಕೊಂಡು ಬಂದಿತ್ತು. ಎಷ್ಟೋ ವರ್ಷದಿಂದ ಕೈಗೆ ಬಂದರೂ ಬಾಯಿಗೆ ಬಾರದಿದ್ದ ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಈಗ ಕರೆ ಬಂದದ್ದೂ ಅದರ ಬಲದಿಂದಲೇ.

ಅದೇ ಹೊತ್ತಿಗೆ ಅವರ ವಿದ್ಯಾರ್ಥಿಯೊಬ್ಬಳು, ಮೇಡಂ ಬೆಳೆಸಿಟ್ಟ ಅದೇ ಯಕೃತ್ತಿನ ಕೋಶಗಳ ಮೇಲೆ ಕೆಲಸ ಮಾಡಿ, ವಿಜ್ಞಾನ ಪತ್ರಿಕೆಯೊಂದಕ್ಕೆ ಹೊಸ ಪ್ರಬಂಧ ಕಳಿಸಿದಳು. ಬಳಸಿದ ಜೀವಕೋಶ ಯಾವುದೆಂದು ಪರೀಕ್ಷೆ ಮಾಡಿಸಿ ಕಳಿಸಿ ಎಂದು ಪತ್ರಿಕೆಯವರು ಕೇಳಿದರು. ಈಗೀಗ ಎಲ್ಲ ಪತ್ರಿಕೆಯವರೂ ಹೀಗೆ ಕೇಳುತ್ತಾರೆ. ಮಾಡಿಸಿದರೆ, ಅದು ಯಕೃತ್ತಿನದೇ ಅಲ್ಲ. ಬೇರೆ ಅಂಗದ, ಕಳೆಯಂತೆ ಬೆಳೆಯುವ ಇನ್ನೊಂದು ಜಾತಿಯ ಕೋಶ. ಇಂಥದ್ದು ಒಂದು ಹನಿ ಬಿದ್ದರೂ ಸಾಕು, ಕೆಲವೇ ವಾರಗಳಲ್ಲಿ ಮೂಲದ್ದನ್ನು ತಿಂದು ಸೀಸೆ ತುಂಬ ತಾನೇ ಕೂರುತ್ತದೆ.

ಮೇಡಂಗೆ ನಂಬಿಕೆ ಬರಲಿಲ್ಲ. ಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ, ಬಿಳಿ ಹೊಗೆಯಾಡುವ ದ್ರವ ಸಾರಜನಕದ ಡಬ್ಬಿಯಿಂದ ತಮ್ಮ ಹಳೆಯ ಸೀಸೆಯನ್ನೇ ತೆಗೆದು ಪರೀಕ್ಷೆಗೆ ಕಳಿಸಿದರು. ಅದೂ ಅದೇ. ಬೇರೊಂದು ಪ್ರಯೋಗಾಲಯದವರು ಕಳಿಸಿಕೊಟ್ಟಿದ್ದ ಕೋಶಗಳು ಅವು. ಬರುವಾಗಲೇ ಕೆಟ್ಟು ಬಂದಿದ್ದವು. ಇಷ್ಟು ವರ್ಷ ಅವರು ಒರೆಸಿ ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಕಳೆಯನ್ನು.

ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಮಾತಾಡಿದರು. ಕೆಟ್ಟ ಮನುಷ್ಯರಲ್ಲ.

"ಯಾರಿಗೆ ಹೇಳಿದ್ದೀರಿ?"

"ನಿಮಗೆ, ಸರ್."

"ಸಂದರ್ಶನ ಮುಗೀಲಿ. ಆಮೇಲೆ ನಿಧಾನವಾಗಿ ನೋಡೋಣ. ಬೀದೀಲಿ ಹೋಗೋ ಮಾರೀನ ಈಗಲೇ ಮನೆಗೆ ಕರೀತೀರಾ?"

"ಮಾರಿ ಮನೆ ಒಳಗೇ ಇದ್ದಾಳೆ ಸರ್. ಇಷ್ಟು ವರ್ಷ ನಾನೇ ಊಟ ಹಾಕಿ ಸಾಕಿದ್ದೀನಿ."

ಮುಖ್ಯಸ್ಥರಿಗೆ ನಗು ಬಂತು, ನಗಲಿಲ್ಲ. "ಒಂದು ತಿಂಗಳು ತಡೆದ್ರೆ ಯಾರ ಪ್ರಾಣ ಹೋಗುತ್ತೆ ಮೇಡಂ?"

ಆ ಪ್ರಶ್ನೆ ಮೇಡಂ ಜೊತೆ ಮನೆಗೆ ಬಂತು. ಸರ್ ಹೇಳಿದ್ದೇ ಸರಿಯಿರಬೇಕು ಎಂದು ಅರ್ಧ ಮನಸ್ಸಿಗೆ ಅನ್ನಿಸಿಯೂ ಇತ್ತು. ಯಾರ ಪ್ರಾಣವೂ ಹೋಗುವುದಿಲ್ಲ ಎಂದು ಖಾತ್ರಿಯಾದರೆ ನೆಮ್ಮದಿಯಾಗಿ ಸುಮ್ಮನಿರಬಹುದು. ಅದಕ್ಕೇ ತಮ್ಮನ್ನು ಉಲ್ಲೇಖಿಸಿದವರ ಪ್ರಬಂಧಗಳನ್ನು ಒಂದೊಂದಾಗಿ ತೆರೆದು ಓದತೊಡಗಿದರು. ಇಷ್ಟು ವರ್ಷ ಎಷ್ಟು ಜನ ಎಂದು ನೋಡುತ್ತಿದ್ದರೇ ಹೊರತು ಯಾರು, ಏನು ಎಂದು ಒಮ್ಮೆಯೂ ನೋಡಿರಲಿಲ್ಲ.

ಓದುತ್ತ ಹೋದ ಹಾಗೆ ಮೊದಲು ನಗು ಬಂತು. ಯಾರೋ ಪುಣ್ಯಾತ್ಮ ಪುಟದ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ, ಕುರಿ ಹಿಂದೆ ಕುರಿ ಹೋದ ಹಾಗೆ ನೂರಾರು ಜನ ಅದೇ ತಪ್ಪು ಸಂಖ್ಯೆ ಬರೆದಿದ್ದರು. ಅಂದರೆ ಅವರಲ್ಲಿ ಎಷ್ಟೋ ಮಂದಿ ಮೇಡಂ ಪ್ರಬಂಧವನ್ನು ಬಿಡಿಸಿಯೇ ನೋಡಿರಲಿಲ್ಲ.

"ಸಾವಿರ ಜನ ಒಪ್ಪಿದ್ದಾರೆ ಅಂತಿದ್ರಲ್ಲ ಅತ್ತೆ, ಮುಕ್ಕಾಲು ಪಾಲು ಓದೇ ಇಲ್ಲ."

"ಓದದೆ ಒಪ್ಪೋರೇ ಒಳ್ಳೆಯವರು ಕಣೇ" ಎಂದರು ಅತ್ತೆ. "ಓದಿದೋರು ತಕರಾರು ತೆಗೀತಾರೆ."

ಆದರೆ ಓದಿದವರೂ ಇದ್ದರು. ಬೆರಳಲ್ಲಿ ಎಣಿಸುವಷ್ಟು ಮಂದಿ ಪ್ರಬಂಧದ ಮಾತಿನ ಮೇಲೆ ತಮ್ಮ ಕೆಲಸದ ಪೂರ್ತಿ ಭಾರ ಹಾಕಿ ನಿಂತಿದ್ದರು. ಅವರಲ್ಲೊಬ್ಬಳು ದೂರದ ಊರಿನ ಸಂಶೋಧಕಿ. ಆ ಮಲಗುವ ಜೀನನ್ನು ಎಬ್ಬಿಸುವುದು ಹೇಗೆಂದು ಹುಡುಕುತ್ತಿದ್ದಳು, ಡಾಕ್ಟರೇಟಿಗಾಗಿ. ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ, ಈ ಪ್ರಬಂಧ ಇರದಿದ್ದರೆ ನಾನು ಈ ದಾರಿಗೇ ಬರುತ್ತಿರಲಿಲ್ಲ ಎಂದು ಬರೆದಿದ್ದಳು. ಮುಂದಿನ ಹಂತದ ಪ್ರಯೋಗಗಳು ನಡೆಯುತ್ತಿವೆ ಎಂದೂ ಇತ್ತು.

ಮೇಡಂ ಅಲ್ಲಿಗೆ ಓದು ನಿಲ್ಲಿಸಿ, ಕೈ ಮುಗಿದ ಹಾಗೆ ಎರಡು ಕೈಯನ್ನೂ ತುಟಿಗೊತ್ತಿಕೊಂಡು ಕೂತರು. ದೇವರನ್ನು ಕೇಳಿಕೊಂಡರೋ, ಏನು ಕೇಳಿಕೊಂಡರೋ, ಅದು ಅವರಿಗೂ ಅವನಿಗೂ ಬಿಟ್ಟದ್ದು. ಒಂದು ತಿಂಗಳೆಂದರೆ ಆ ಸಂಶೋಧಕಿಗೆ ಇನ್ನೂ ಒಂದು ತಿಂಗಳ ದಂಡದ ದುಡಿಮೆ. ಮಾರನೆಯ ದಿನವೇ ಹಳೆಯ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಬರೆದರು: ನಮ್ಮ ಕೋಶಗಳು ಯಕೃತ್ತಿನವಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ. ಭಾರ ಹಾಕಿದ್ದವರಿಗೆಲ್ಲ ಬೇರೆ ಬೇರೆಯಾಗಿ ತಿಳಿಸಿದರು. ದೂರದ ಊರಿನವಳಿಗೆ ಮಾತ್ರ ಬರೆಯಲು ಮನಸ್ಸಾಗದೆ ಫೋನ್ ಮಾಡಿದರು.

ಅವಳು ಯಾವ ಸೀಸೆ, ಯಾವ ಪರೀಕ್ಷೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಆಮೇಲೆ, "ನೀವು ಮೊದಲೇ ನೋಡಬಾರದಿತ್ತಾ?"

"ನೋಡಬೇಕಿತ್ತಮ್ಮ."

"ಸುಲಭವಾಗಿ ಹೇಳ್ತೀರಿ. ಮಗೂನ ಅಮ್ಮನ ಹತ್ರ ಬಿಟ್ಟು ಬಂದು ಮಾಡಿದ ಕೆಲಸ ಇದು." ಫೋನ್ ಇಟ್ಟುಬಿಟ್ಟಳು.

ಅತ್ತೆಗೆ ವಿಷಯ ಗೊತ್ತಾದಾಗ ಅವರು ತರಕಾರಿ ಹೆಚ್ಚುತ್ತಿದ್ದರು. ಕೈ ನಿಂತಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ನೀನೇ, ದೊಣ್ಣೆಯೂ ನೀನೇ" ಎಂದರು. ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ, "ಪಕ್ಕದ ಮನೆಯವಳಿಗೆ ಏನು ಹೇಳಲಿ ಈಗ?"

"ನೀವೊಬ್ಬರೇ ಸರಿ ಇದ್ರಿ ಅಂತ ಹೇಳಿ."

"ಅದನ್ನ ನಾನು ಮೊದಲಿಂದಾನೂ ಹೇಳ್ತಾನೇ ಇದ್ದೀನಿ" ಎಂದು ಅತ್ತೆ ಮತ್ತೆ ಹೆಚ್ಚತೊಡಗಿದರು. ಆ ದಿನ ಸೊಸೆಯ ತಟ್ಟೆಗೆ ಬಡಿಸುವಾಗ ಮಾತ್ರ, ಬೇಡ ಬೇಡ ಎಂದರೂ ಕೇಳಲಿಲ್ಲ.

ಸಂದರ್ಶನದಲ್ಲಿ ಮೇಜಿನಾಚೆ ಕೂತವರು ಮರ್ಯಾದೆಯಿಂದಲೇ ನಡೆದುಕೊಂಡರು. ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ ಎಂದರು. ಆಮೇಲೆ ಒಬ್ಬರು ಕನ್ನಡಕ ಸರಿಮಾಡಿಕೊಂಡು, "ಆ ಪ್ರಬಂಧ ತೆಗೆದರೆ ಉಳಿಯೋದು ಏನು ಮೇಡಂ?" ಎಂದು ಕೇಳಿದರು.

"ಉಳಿದವು ಉಳೀತವೆ ಸರ್. ಅವುಗಳಲ್ಲಿ ಯಾವ್ಯಾವುದಕ್ಕೆ ಈ ಕೋಶ ಬಳಸಿದ್ದೀವಿ ಅಂತ ಈಗ ನೋಡ್ತಾ ಇದ್ದೀನಿ. ಇನ್ನೂ ಒಂದೆರಡು ಹೋಗಬಹುದು."

ಹುದ್ದೆ ಇನ್ನೊಬ್ಬರಿಗಾಯಿತು. ಮೇಡಂ ಅತ್ತು ಮುಗಿಸಿ ಕೆಲಸಕ್ಕೆ ಹೋದರು. ವಿಚಿತ್ರವೆಂದರೆ, ಪ್ರಬಂಧದ ಪ್ರತಿ ಪುಟದ ಮೇಲೂ ಹಿಂದಕ್ಕೆ ಪಡೆಯಲಾಗಿದೆ ಎಂದು ಅಡ್ಡಡ್ಡ ಅಚ್ಚಾದ ಮೇಲೂ ಉಲ್ಲೇಖಗಳು ಬರುತ್ತಲೇ ಇದ್ದವು. ಓದದೆ ಒಪ್ಪುವವರಿಗೆ ಆ ಅಚ್ಚು ಕಾಣುವುದಾದರೂ ಹೇಗೆ?

ಚಳಿ ಶುರುವಾಗುವ ಹೊತ್ತಿಗೆ ದೂರದ ಊರಿನವಳೇ ಫೋನ್ ಮಾಡಿದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಪರೀಕ್ಷೆ ಮಾಡಿಸಿದ ಕೋಶ ತರಿಸಿದೆ ಮೇಡಂ, ನಿಜವಾದ ಯಕೃತ್ತಿಂದು. ನಿಮ್ಮ ಪ್ರಯೋಗ ಮೊದಲಿಂದ ಮಾಡಿದೆ, ಮತ್ತೆ ಮತ್ತೆ ಮಾಡಿದೆ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಕೋಶ ಬೇರೆಯಾದರೂ ಕಂಡದ್ದು ನಿಜವಿರಬಹುದು ಎಂಬ ಒಂದೆಳೆ ಆಸೆ ಅವರೊಳಗೆ ಇನ್ನೂ ಉಳಿದಿತ್ತು. "ಹೇಳಮ್ಮ."

"ಸಕ್ಕರೆ ಎಷ್ಟು ಕಡಿಮೆ ಮಾಡಿದ್ರೂ ಆ ಜೀನ್ ಮಲಗೋದೇ ಇಲ್ಲ. ಇನ್ನೂ ಜೋರಾಗಿ ಕೆಲಸ ಮಾಡುತ್ತೆ."

ಎಳೆ ಕಡಿಯಿತು. ಕಡಿದ ಜಾಗದಲ್ಲಿ ನೋವಿನ ಜೊತೆಗೆ ಇನ್ನೊಂದು, ಬಹಳ ಹಳೆಯ ಕುತೂಹಲ ಮೆಲ್ಲಗೆ ತಲೆಯೆತ್ತಿತು. "ಜೋರಾಗಿ? ಎಷ್ಟು ಹೊತ್ತಿಗೆ ಶುರು ಆಗುತ್ತೆ? ಅಳತೆ ಹೇಗೆ ಮಾಡಿದೆ?"

ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅವಳು ಅನುಮಾನಿಸುತ್ತ ಕೇಳಿದಳು: "ಇದನ್ನ ಬರೀಬೇಕು ಅಂತಿದ್ದೀನಿ. ನಿಮ್ಮ ಹೆಸರು ಎತ್ತದೇ ಬರೆಯೋಕೆ ದಾರಿ ಇದೆಯಾ ಅಂತ ನೋಡ್ತಾ ಇದ್ದೆ. ಪಾಪ, ನಿಮಗೆ ಈಗಾಗಲೇ..."

"ಎತ್ತು, ಎತ್ತಲೇಬೇಕು. ಇಂಥವರು ಹೀಗೆ ಹೇಳಿದ್ದರು, ಅದು ತಪ್ಪು ಅಂತ ಮೊದಲ ಪ್ಯಾರಾದಲ್ಲೇ ಹಾಕು" ಎಂದರು ಮೇಡಂ. "ಪುಟದ ಸಂಖ್ಯೆ ಹೇಳ್ತೀನಿ, ಸರಿಯಾಗಿ ಬರ್ಕೋ."