ವಿಭೂತಿ ಹಚ್ಚಿದ ಮೆಮರಿ

ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಕಲಿಸಿದವಳು ಗಡಿಯಾಚೆಯ ಊರು ಮುರುಮದ ನನ್ನ ಸೋದರತ್ತೆ. ಆಕೆಯ ಕಾಳಿನ ಅಂಗಡಿಯಲ್ಲಿ ತೊಗರಿ ಹಸನು ಮಾಡುತ್ತ, ಬೈಗುಳದಿಂದ ಹಿಡಿದು ದೇವರ ಮಾತಿನವರೆಗೆ ಎಲ್ಲವನ್ನೂ ಆಕೆಯ ಬಾಯಿಂದಲೇ ಕಲಿತೆ. ಆಕೆಯ ಮೇಲೆ ಯಾರಾದರೂ ಇಲ್ಲದ ತಪ್ಪು ಹೊರಿಸಿದರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

ದೀಪಾವಳಿ ಪಾಡ್ಯದಂದು ಅಂಗಡಿಯ ಸಾಮಾನಿಗೆಲ್ಲ ಆಕೆಯೇ ವಿಭೂತಿ ಹಚ್ಚಬೇಕು. ಮೊದಲು ತಕ್ಕಡಿ, ಆಮೇಲೆ ತಿಜೋರಿ, ಕ್ಯಾಲ್ಕುಲೇಟರು, ಫೋನು. ಮಾವ ಹೋದ ಮೇಲೆ ಅಂಗಡಿಯಲ್ಲಿ ಆಕೆಗೆ ಉಳಿದ ಅಧಿಕಾರ ಅದೊಂದೇ.

ಹೋದ ದೀಪಾವಳಿಗೆ ಆಕೆಯ ಮಗ, ಬಿಲ್ ಮಾಡುವ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಉದಗೀರಿನಿಂದ ಇನ್ನೊಂದು ಮೆಮರಿ ತಂದಿದ್ದ. ಬೆರಳುದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳ ಸಾಲು. ಪಾಡ್ಯದ ಮುಹೂರ್ತಕ್ಕೇ ಕೂಡಿಸೋಣವೆಂದು ಪೂಜೆಯ ತಾಟಿನಲ್ಲಿಟ್ಟ. ತಾಟಿನಲ್ಲಿದ್ದದ್ದನ್ನು ಅತ್ತೆ ಬಿಟ್ಟಾಳೆಯೇ? ಅದಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ವಿಭೂತಿಯ ಮೂರು ಗೆರೆ ಎಳೆದಳು.

ಮಗ ಕೂಡಿಸಿದ. ಪರದೆ ಕಪ್ಪು. ಹೊಸದನ್ನು ತೆಗೆದರೆ ಹಳೆಯದರ ಮೇಲೆ ನಡೆಯಿತು. ಮತ್ತೆ ಹಾಕಿದರೆ ಮತ್ತೆ ಕಪ್ಪು.

“ಯವ್ವಾ, ನಿನ್ನ ವಿಭೂತಿ ಒಳಗ ಹೋಗಿ ಸುಟ್ಟದ ನೋಡು. ಮುಂದಿನ ವರ್ಷ ನೀ ಪೂಜಿಗಿ ಕೈ ಹಚ್ಚಬ್ಯಾಡ. ದೂರ ಕೂತು ಕೈ ಮುಗಿ, ಸಾಕು.”

“ತಕ್ಕಡಿ ಸುಟ್ಟದೇನೋ? ತಿಜೋರಿ ಸುಟ್ಟದೇನು? ನಿನ್ನ ಹಣಿಗಿ ದಿನಾ ಹಚ್ಚಿ ಬೆಳಸೀನಿ!”

“ಇದು ಮಷೀನ್ ಅದ ಅವ್ವಾ. ನಾಜೂಕ್ ಇರ್ತದ.”

“ನಿನ್ನ ತಲಿಗಿಂತ ನಾಜೂಕೇನು?”

ಹಬ್ಬ ಮುಗಿದದ್ದೇ ಅತ್ತೆ ಲ್ಯಾಪ್‌ಟಾಪನ್ನೂ ಮೆಮರಿಯನ್ನೂ ಕೈಚೀಲಕ್ಕೆ ಹಾಕಿಕೊಂಡು, “ನಡಿ ಮಗಳ, ಉಮರ್ಗಾಕ್ಕ” ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಕೆಳಗಿಡಲು ಹೇಳಿದರೆ, “ಇದರಾಗ ನನ್ನ ಮರ್ಯಾದಿ ಅದ, ಕೆಳಗ ಇಡಾಂಗಿಲ್ಲ” ಎಂದು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದಳು.

ರಿಪೇರಿ ಅಂಗಡಿಯವನು ಮೂರು ಗೆರೆ ನೋಡಿ ನಕ್ಕ. “ಆಯಿ, ಇದಕ್ಕೂ ದೀಕ್ಷಾ ಕೊಡಸೀರೇನ್ರೀ?”

“ನಗೋದು ಆಮ್ಯಾಲ. ಇದು ಸತ್ತದೋ, ಬದುಕ್ಯದೋ ಹೇಳು.”

ಅವನು ಅದನ್ನು ಮೇಜಿನ ಮೇಲಿದ್ದ ಇನ್ನೊಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಿದ. ವಿಭೂತಿ ಸಮೇತ ಅದು ಚಾಲೂ ಆಯಿತು!

“ಚಲೋ ಅದರೀ. ವಿಭೂತಿ ಚೀಟಿ ಮ್ಯಾಲ ಅದ, ಹಲ್ಲಿಗಿ ಹತ್ತಿಲ್ಲ. ಆದ್ರ ಇದು ಒಂದೂವರೆ ವೋಲ್ಟಿಂದು. ನಿಮ್ಮ ಲ್ಯಾಪ್‌ಟಾಪ್ ಕೊಡೋದು ಒಂದು ಪಾಯಿಂಟ್ ಮೂರು ಐದು. ಅಷ್ಟರಾಗ ಇದು ಏಳಂಗಿಲ್ಲ. ಚೀಟಿ ಮ್ಯಾಲ ‘ಎಲ್’ ಅಂತ ಇರ್ತದಲ್ಲ, ಆ ಕಡಿಮಿ ವೋಲ್ಟಿಂದು ಬೇಕು. ಅದು ಈ ಹಳೇದರಾಗೂ ನಡೀತದ, ನಿಮ್ಮದರಾಗೂ ನಡೀತದ.”

“ಅಂದ್ರ ತಪ್ಪು ಹಚ್ಚಿದವರದಲ್ಲ, ತಂದವರದು.” ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ವಿಭೂತಿ ಗಟ್ಟಿ. ಅವನು ಬದಲಿಗೆ ಕೊಟ್ಟ ಎಲ್ ಮೆಮರಿಯ ಮೇಲೆ ಕೈ ಹೋಯಿತು.

“ಆಯಿ, ಮತ್ತ್ಯಾಕ್ರೀ!” ಎಂದು ಅವನು ಕೂಗಿದ.

“ಹಲ್ಲು ಎಲ್ಲ್ಯವ ಅಂತ ಈಗ ನನಗ ಗೊತ್ತದ, ಸುಮ್ಮನಿರು. ಇಲ್ಲಿ ಕೂಡಸಬ್ಯಾಡ. ಅಂವಾ ತನ್ನ ಕೈಲೆ ಕೂಡಸಲಿ.”

ಮುರುಮದಲ್ಲಿ ಅಂಗಡಿ ತುಂಬ ಗಿರಾಕಿ. ಆ ಮೂರು ಗೆರೆ ನೋಡಿ ಮಗ ಮುಖ ಸಿಂಡರಿಸಿದ. ಅತ್ತೆ ಎದುರಿಗೇ ನಿಂತಿದ್ದಳು. ಕೂಡಿಸಿದ. ಪರದೆ ಬೆಳಗಿತು. ನಾನು ವೋಲ್ಟಿನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ, ಸ್ವಲ್ಪ ಜೋರಾಗಿಯೇ.

“ಆಯ್ತು, ಬಿಡು ಅವ್ವಾ” ಎಂದ.

“ಬಿಡಾಂಗಿಲ್ಲ. ಮುಂದಿನ ಪಾಡ್ಯಕ್ಕ ಪೂಜಿ ಯಾರು ಮಾಡ್ತಾರ?”

“ನೀನ.”

“ತೊಗರಿ ಒಯ್ಯಾಕ ಬಂದವರಿಗೂ ಕೇಳಲಿ.”

“ನೀನ ಮಾಡವ್ವಾ!”

ಅತ್ತೆ ಸೆರಗಿನ ಗಂಟು ಬಿಚ್ಚಿ, ವಿಭೂತಿಯನ್ನು ಅವನ ಹಣೆಗೆ ಎಳೆದಳು.