ದೇವದೂತನ ಕಾಲಡಿಯ ಮುಖ

ನೇಪಲ್ಸಿನ ಲವಿನಾಯೊ ಬೀದಿಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದ ಕಾರ್ಮೊಸೀನಳಿಗೆ ಇದ್ದವನು ಒಬ್ಬನೇ ಮಗ, ಬಂದರಿನಲ್ಲಿ ಮೂಟೆ ಹೊರುವ ಮೆನಿಕೊ. ಸೊಟ್ಟ ಮೂಗು, ಉಬ್ಬು ಹಲ್ಲು. ಇಗರ್ಜಿಗೆ, ಸೈತಾನನನ್ನು ತುಳಿದು ನಿಂತ ಮಿಕೇಲ ದೇವದೂತನ ಚಿತ್ರ ಬರೆಯಲು ಬಂದ ಪುಣ್ಯಾತ್ಮ ಅವನನ್ನು ಕಂಡದ್ದೇ ತಡ, ಸೈತಾನ ಸಿಕ್ಕಿದನೆಂದು ಕುಣಿದಾಡಿದ. ದೇವದೂತನಾಗಿ ಎದುರು ನಿಲ್ಲಲು ಕಟುಕರ ಅನಿಯೆಲ್ಲೊ ಒಪ್ಪಿದ. ಅವನ ಮುಖವೇನೋ ಹಾಲಿನಲ್ಲಿ ತೊಳೆದಂತಿತ್ತು, ಮೈ ಮಾತ್ರ ಎತ್ತಿನದು.

ನೋವು ನಿಜವಾಗಿ ಕಾಣಬೇಕಂತೆ! ಅನಿಯೆಲ್ಲೊನನ್ನು ಮೆನಿಕೊನ ಎದೆಯ ಮೇಲೆಯೇ ನಿಲ್ಲಿಸಿ, ಇನ್ನೂ ತುಳಿ, ಇನ್ನೂ ತುಳಿ ಎಂದ ಆ ಚಿತ್ರಕಾರ. ಪಕ್ಕೆಲುಬು ಲಟಕ್ಕೆಂದಿತು. ಮೆನಿಕೊ ಕಿರುಚಿದ ಬಾಯಿ ಹಾಗೇ ಚಿತ್ರಕ್ಕೆ ಇಳಿಯಿತು. ಚಿತ್ರ ಗೋಡೆಗೇರುವ ಮೊದಲೇ ಹುಡುಗ ರಕ್ತ ಕಾರಿ ಸತ್ತ. ಅವನ ಮುಖವೆಂದು ತಾಯಿಗೆ ಉಳಿದದ್ದು ಅದೊಂದೇ.

ಅದಕ್ಕೂ ಕೇಡು ಬಂತು. ಮಗುವಿಗೆ ಜ್ವರ ಬಂದರೆ, ಗಂಡ ಕುಡಿದು ಬಡಿದರೆ, ಆ ಬೀದಿಯ ಹೆಂಗಸರು ಪೂಜೆ ಮುಗಿದ ಮೇಲೆ ಇದೆಲ್ಲ ಸೈತಾನನ ಕಾಟವೆಂದು ತುರುಬಿನ ಸೂಜಿ ಕಿತ್ತು ಚಿತ್ರದಲ್ಲಿ ಅವನ ಕಣ್ಣಿಗೆ ಚುಚ್ಚುವರು. ಅದೇನು ಭಕ್ತಿಯೋ! ಎಲ್ಲರಿಗಿಂತ ಮುಂದೆ ಕುರಿಯ ಕರುಳು ಮಾರುವ ಪೊರ್ಜಿಯಾ. ಕಾರ್ಮೊಸೀನ ಅವಳ ಕಾಲು ಹಿಡಿದು ಬೇಡಿಕೊಂಡಳು.

"ಅದು ನಿನ್ ಮಗ ಅಲ್ಲ ಕಣೇ, ಸೈತಾನ. ನೀನೂ ಒಂದ್ಸಲ ಚುಚ್ಚು, ಎದೆ ಹಗುರಾಗುತ್ತೆ," ಎಂದಳು ಪೊರ್ಜಿಯಾ.

ಮಿಕೇಲನ ಹಬ್ಬದ ದಿನದ ಹೊತ್ತಿಗೆ ಎರಡು ಕಣ್ಣೂ ತೂತಾಗಿದ್ದವು. ಪೊರ್ಜಿಯಾಳ ಸೂಜಿ ಬಾಯಿಯತ್ತ ಹೋಯಿತು. ಕಾರ್ಮೊಸೀನ ಆ ಕೈಯನ್ನು ರಕ್ತ ಬರುವಂತೆ ಕಚ್ಚಿ, ಅವಳ ಸೊಂಟದಲ್ಲಿದ್ದ ಕರುಳು ಕೊಯ್ಯುವ ಚೂರಿ ಕಿತ್ತುಕೊಂಡು, ಚಿತ್ರದ ಬಟ್ಟೆಯಿಂದ ಆ ಮುಖವನ್ನು ಸುತ್ತಲೂ ಕೊಯ್ದು ತೆಗೆದಳು.

ಹೆಂಗಸರು ಮುಗಿಬಿದ್ದರು. ಕೂದಲು ಹಿಡಿದೆಳೆದರು, ಮರದ ಚಪ್ಪಲಿಯಲ್ಲಿ ಬಾಯಿಗೆ ಬಡಿದರು, ಹಲ್ಲು ಉದುರಿತು. ಅವಳು ಕೊಯ್ದ ಆ ತುಂಡನ್ನು ಹೊಟ್ಟೆಯಡಿ ಅವುಚಿಕೊಂಡು ಬೋರಲು ಬಿದ್ದಳು. ಹಬ್ಬಕ್ಕೆಂದು ದೊಡ್ಡ ಮೇಣದಬತ್ತಿ ಹೊತ್ತು ಬಂದಿದ್ದ ಅನಿಯೆಲ್ಲೊ ಅದನ್ನು ಪಕ್ಕಕ್ಕಿಟ್ಟು, ಅವಳ ಬೆನ್ನ ಮೇಲೆ ಕಾಲೂರಿ, ಕೊಡು ಮುದುಕಿ ಎಂದು ಅಬ್ಬರಿಸಿದ.

"ಇನ್ನೂ ತುಳಿಯಪ್ಪ, ನಿಂಗೆ ಅಭ್ಯಾಸ ಇದೆಯಲ್ಲ. ಅವನ್ ಕೂಗಿದಂಗೆ ನಾನ್ ಕೂಗಲ್ಲ," ಎಂದಳು.

ಅನಿಯೆಲ್ಲೊ ಕಾಲು ತೆಗೆದು ಗೋಡೆಗೊರಗಿ ನಿಂತುಬಿಟ್ಟ. ಅವನೇ ಬಿಟ್ಟ ಮೇಲೆ ಬೇರೆಯವರ ಕೈಯೂ ಏಳಲಿಲ್ಲ.

ಅವಳು ಗೋಡೆ ಹಿಡಿದು ಹಿಡಿದು ಮನೆ ಸೇರಿದಳು. ಆ ತುಂಡನ್ನು ಮಡಿಲಲ್ಲಿ ಹರವಿದಾಗ ಕಣ್ಣಿನ ಜಾಗದಲ್ಲಿ ಅವಳ ಲಂಗವೇ ಕಾಣುತ್ತಿತ್ತು. ಬಾಯಿ ಮಾತ್ರ ಹಾಗೇ ತೆರೆದಿತ್ತು. ಅದರ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಸಾಕು ಕಣೋ, ಇನ್ ಕೂಗ್ಬೇಡ. ಮನೆಗ್ ಬಂದ್ವಿ."